ಕನಿಷ್ಠ ಎಪ್ಪತ್ತೈದು

ಚಿಟ್ಸ್ಕೆ ನನ್ನನ್ನು ತೂಗಿದಳು, ತಲೆದೂಗಲಿಲ್ಲ.
ಹಿಂದೊಮ್ಮೆ ಚೀಸಿನ ಗಾಲಿಗಳನ್ನು ತೂಗುತ್ತಿದ್ದ
ಕ್ಲಬ್ಬಿನ ಹಳೆಯ ತಕ್ಕಡಿ ಅದು.
ಬರಿಮೈ ನೂರೆಂಟು ಕಿಲೊ, ನೂರೆಂಟು ತಕರಾರು.
ಪ್ಯಾರಾಶೂಟಿಗೆ ಏಳು, ಬೂಟು ಜಾಕೆಟ್ಟಿಗೆ ಎರಡು.
ಜೇಬಿನ ಬ್ರೆಡ್ಡಿನ ಸುದ್ದಿ ನಾನು ಎತ್ತಲಿಲ್ಲ.

ನನ್ನ ಕೆಲಸ ಸೇತುವೆ ಎತ್ತುವುದು.
ಫ್ರೀಸ್‌ಲ್ಯಾಂಡಿನ ಕಾಲುವೆಯಲ್ಲಿ ದೋಣಿ ಬಂದರೆ
ಒಂದು ಗುಂಡಿ ಒತ್ತುತ್ತೇನೆ,
ನಲವತ್ತು ಟನ್ ಉಕ್ಕು ಹಾಸಿಗೆ ಬಿಟ್ಟೆದ್ದಂತೆ ಏಳುತ್ತದೆ.
ಹಿಂಬದಿಗೆ ಸರಿಸಮ ತೂಕ ಕಟ್ಟಿದ್ದಾರೆ, ಗುಟ್ಟು ಅಷ್ಟೇ.
ನನಗೆ ಯಾರೂ ಕಟ್ಟಿಲ್ಲ.

ಇಬ್ಬರ ಗ್ಲೈಡರಿನಲ್ಲಿ ಹಾರುವಾಗ
ಹಿಂದಿನ ಸೀಟಿಗೆ ಸಣಕಲರನ್ನೇ ಹುಡುಕುತ್ತಿದ್ದರು.
ಒಬ್ಬನೇ ಹಾರಬೇಕೆಂದು ಹೊರಟೆ.
ಒಂಟಿ ಸೀಟು ಮಾರುವವರು
ಮೊದಲು ತೂಕ ಕೇಳುತ್ತಾರೆ, ಆಮೇಲೆ ಹೆಸರು.

ಮೊದಲನೆಯದು ಆಸ್ಸೆನ್ನಿನ ದಂತವೈದ್ಯನದು,
ಬಿಳಿ, ನುಣುಪು, ಸೌತೆಕಾಯಿಯಷ್ಟು ಸಪೂರ.
ಭುಜಗಳು ಸರದಿಯಲ್ಲಿ ಒಳಗೆ ಹೋದವು,
ಮೊಣಕಾಲುಗಳು ಒಪ್ಪಲಿಲ್ಲ.
ಗಾಜಿನ ಮುಚ್ಚಳ ಇಳಿಸಿದ. ನೆತ್ತಿಗೆ ತಣ್ಣಗೆ ತಗುಲಿತು.
"ಉಸಿರು ಬಿಟ್ಟು ನೋಡಿ" ಅಂದ.
ಬಿಟ್ಟೆ. ಮತ್ತೆ ಎಳೆದುಕೊಳ್ಳಬೇಕಲ್ಲ.

ಎರಡನೆಯದರಲ್ಲಿ ಜಾಗವಿತ್ತು,
ಫಲಕದಲ್ಲಿ ನೂರಹತ್ತು ಎಂದಿತ್ತು.
"ಏಳು ಕಿಲೊ ತಾನೆ, ಗಾಳಿಗೇನು ಗೊತ್ತು?"
ಗಾಳಿಗೆ ಗೊತ್ತಿರುತ್ತದೆ.
ಮೂಗು ಭಾರವಾದ ಗ್ಲೈಡರು ನೆಲದ ಹತ್ತಿರ
ಕೋಲನ್ನು ಹೊಟ್ಟೆಯವರೆಗೆ ಎಳೆದರೂ ತಲೆಯೆತ್ತದೆ ಹೋದೀತು,
ನನ್ನ ಹೊಟ್ಟೆಯೋ, ಕೋಲಿಗೆ ಬೇಗ ಸಿಗುತ್ತದೆ.

ಅತ್ತ ಪಂದ್ಯದ ಹುಡುಗರು ಬೆಳಿಗ್ಗೆಯೇ ಪೈಪು ಹಿಡಿದು
ರೆಕ್ಕೆಗಳೊಳಗೆ ಕೊಡಗಟ್ಟಲೆ ನೀರು ತುಂಬುತ್ತಾರೆ.
ಭಾರವಾದರೆ ಜಾರುವ ದಾರಿ ಕಡಿದಾಗುವುದಿಲ್ಲ,
ಅವಸರ ಮಾತ್ರ ಹೆಚ್ಚುತ್ತದೆ.
"ರೆಕ್ಕೆಯಲ್ಲಿದ್ದರೆ ಬಲ, ಸೀಟಿನಲ್ಲಿದ್ದರೆ ತಪ್ಪು. ಯಾವ ನ್ಯಾಯ ಇದು?"
"ಹಾಗಾದರೆ ಹೊಟ್ಟೆಯನ್ನು ರೆಕ್ಕೆಯಲ್ಲಿಟ್ಟುಕೋ" ಅಂದಳು ಚಿಟ್ಸ್ಕೆ.

ಗಡಿ ದಾಟಿ, ಲೇರ್ ಊರಿನಾಚೆ, ಹುಲ್ಲುಗಾವಲಿನಲ್ಲಿ
ಓಕ್ಕೊ ತನ್ನದನ್ನು ಜೋಡಿಸಿ ನಿಲ್ಲಿಸಿದ್ದ.
ಹಳದಿಗಟ್ಟಿದ ಮೈ, ಬಾಲದಲ್ಲಿ ಎರಡು ತೇಪೆ,
ಸ್ನಾನದ ತೊಟ್ಟಿಯಂಥ ಕಾಕ್‌ಪಿಟ್.
ಕೂತೆ.
ಮೊಣಕಾಲುಗಳು ತಮ್ಮಷ್ಟಕ್ಕೆ ಮನೆ ಸೇರಿದವು.
ನೆತ್ತಿಗೂ ಗಾಜಿಗೂ ನಡುವೆ ಎರಡು ಬೆರಳು.
ಸೀಟಿನ ತಳವನ್ನು ಯಾರೋ ತಗ್ಗಿಸಿದ್ದರು, ಕಾಗದಪತ್ರ ಸಮೇತ.
ಗರಿಷ್ಠ ನೂರಿಪ್ಪತ್ತೈದು.
"ಯಾರ ಅಳತೆ?"
"ನನ್ನದು."

ನಂಬಲಿಲ್ಲ. ಕಾಲರಿನೊಳಗೆ ಅವನ ಕತ್ತು
ಗಂಟೆಯ ನಾಲಗೆಯಂತೆ ಆಡುತ್ತಿತ್ತು.
ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತುಗಳು, ನಾಲ್ಕು.
"ನೂರ ಹದಿನೆಂಟಿದ್ದೆ" ಅಂದ,
ಹುಟ್ಟಿದೂರಿನ ಹೆಸರು ಹೇಳುವವನಂತೆ.
ಆಮೇಲೆ ಫಲಕದ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟ,
ಜನ್ಮದಲ್ಲಿ ನಾನು ಓದದ ಸಾಲು:
ಕನಿಷ್ಠ ಎಪ್ಪತ್ತೈದು.
"ಪ್ಯಾರಾಶೂಟು ಹೊತ್ತರೂ ಈಗ ಅರವತ್ತೆಂಟು."

ಡಬ್ಬಿಯಿಂದ ಸೀಸದ ಬಿಲ್ಲೆಗಳನ್ನು ತೆಗೆದ,
ನಾಲ್ಕು ನಾಲ್ಕು ಕಿಲೊ, ಒಂದು ಜೋಡಿ.
"ಹೋದ ವರ್ಷ ಇವನ್ನು ಕಾಲಬುಡಕ್ಕೆ ತಿರುಪು ಹಾಕಿ ಕೂತೆ.
ಕೂತೆ, ಅಷ್ಟೇ."

ಬೆಲೆಯ ಮಾತು ಬೇಗ ಮುಗಿಯಿತು.
ಟ್ರೇಲರಿನ ಹಿಂದೀಪ ಕೆಟ್ಟಿದೆಯೆಂದು
ತಾನಾಗಿಯೇ ನೂರು ಯೂರೋ ಇಳಿಸಿದ.
"ಒಮ್ಮೆ ಕೂರಲೇ?" ಎಂದು
ನನ್ನ ಅಪ್ಪಣೆ ಕೇಳಿದ.

ಒಣಗಿದ ಕಾಯೊಳಗಿನ ಬೀಜ.
ಮುಚ್ಚಳ ಇಳಿಸಿ, ಹೋಗಿ ರೆಕ್ಕೆಯ ತುದಿ ಹಿಡಿದೆ,
ಎರಡೂ ರೆಕ್ಕೆ ಸಮನಾಗುವಷ್ಟು ಎತ್ತಿದೆ.
ಸಮುದ್ರದ ಕಡೆಯಿಂದ ಗಾಳಿ.
ಒಳಗಿಂದ ಕೋಲು ಆಡಿಸಿದ,
ನನ್ನ ಕೈಯ ಪಕ್ಕ ರೆಕ್ಕೆಯಂಚಿನ ಪಟ್ಟಿ ಎದ್ದಿತು, ತಗ್ಗಿತು, ಮತ್ತೆ ಎದ್ದಿತು.
ಕೈಸೋಲುವಂಥದ್ದಲ್ಲ,
ಅಂಗೈಯಲ್ಲಿಟ್ಟ ತಟ್ಟೆಯಷ್ಟು ಭಾರ.
ಅವನು ಸಾಕು ಅನ್ನುವವರೆಗೆ ನಿಂತೆ.

ಬಿಲ್ಲೆಗಳೂ ಬೇಕೇ ಎಂದು ಕೇಳಿದಾಗ
ಬೇಡ ಅನ್ನಲು ಬಾಯಿ ಬರಲಿಲ್ಲ.
ಎಂಟು ಕಿಲೊ ಸೀಸ, ಕಾರಿನ ಡಿಕ್ಕಿಯಲ್ಲಿ,
ತಿರುವು ತಿರುವಿಗೂ ಒಂದನ್ನೊಂದು ತಟ್ಟುತ್ತ
ನನ್ನ ಜೊತೆ ಮನೆಗೆ ಬಂತು.